ಮಾಹಿತಿ ಹಕ್ಕಿನ ಅರ್ಜಿ: ದಿನಗಳ ಲೆಕ್ಕ ತಪ್ಪದಿರಲಿ

ಪಕ್ಕದ ಗ್ರಾಮ ಪಂಚಾಯಿತಿಯ ರೈತರಿಗೆ ಬೆಳೆ ವಿಮೆಯ ಪರಿಹಾರ ಬಂದು ತಮಗೆ ಬಾರದಿದ್ದಾಗ, ರೈತರು ಕಾರಣ ಕೇಳುತ್ತ ಕಚೇರಿಯಿಂದ ಕಚೇರಿಗೆ ಅಲೆಯುವುದುಂಟು. ಬಾಯಿಮಾತಿನಲ್ಲಿ ಕೇಳಿದ ಪ್ರಶ್ನೆಗೆ ಇಂತಿಷ್ಟೇ ದಿನದಲ್ಲಿ ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. ಅದನ್ನೇ ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕಾರ ಬರೆದು ಕೊಟ್ಟರೆ ಕಚೇರಿಯು ಕಾಲಮಿತಿಗೆ ಒಳಪಡುತ್ತದೆ. ಆದರೆ ಈ ಕಾಲಮಿತಿ ಅರ್ಜಿದಾರನಿಗೂ ಉಂಟು. ಹದ ಮೀರಿ ಬಿತ್ತಿದ ಬೀಜದಂತೆ, ಅವಧಿ ಮೀರಿದ ಮೇಲ್ಮನವಿಯೂ ಫಲ ಕೊಡುವುದು ಕಷ್ಟ.

ಏನನ್ನು ಕೇಳಬೇಕು?

ಈ ಕಾಯಿದೆಯಡಿ ಕಚೇರಿಯಲ್ಲಿ ಇರುವ ದಾಖಲೆ ದೊರೆಯುತ್ತದೆಯೇ ಹೊರತು ಅಭಿಪ್ರಾಯವಲ್ಲ. ಆದುದರಿಂದ “ನನಗೇಕೆ ವಿಮೆ ಬರಲಿಲ್ಲ?” ಎಂದು ಬರೆಯುವುದರಿಂದ ಪ್ರಯೋಜನ ಕಡಿಮೆ. “ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಇಂಥ ವರ್ಷದ ಮುಂಗಾರಿನ ರಾಗಿ ಬೆಳೆಗೆ ನಡೆಸಿದ ಬೆಳೆ ಕಟಾವು ಪ್ರಯೋಗಗಳ ನಮೂನೆಗಳ ದೃಢೀಕೃತ ಪ್ರತಿ ಕೊಡಿ” ಎಂದು ಬರೆಯಬೇಕು. ಆ ಪ್ರಯೋಗಗಳಿಂದ ಬಂದ ಸರಾಸರಿ ಇಳುವರಿಯು ವಿಮೆಗೆ ನಿಗದಿಪಡಿಸಿದ ಪ್ರಾರಂಭಿಕ ಇಳುವರಿಗಿಂತ ಕಡಿಮೆಯಾದರೆ ಪರಿಹಾರ ಸಲ್ಲುತ್ತದೆ. ಆದ್ದರಿಂದ ಈ ಎರಡೂ ಅಂಕಿಗಳನ್ನು ಕೇಳುವುದು ಅಗತ್ಯ.

ಅರ್ಜಿ ಸಲ್ಲಿಸುವ ಕ್ರಮ

ಕರ್ನಾಟಕದಲ್ಲಿ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಬಡತನ ರೇಖೆಯ ಕೆಳಗಿನವರು ಅದರ ದಾಖಲೆ ಲಗತ್ತಿಸಿದರೆ ಶುಲ್ಕವಿಲ್ಲ. ಮಾಹಿತಿ ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಕೇಳಿದ ದಾಖಲೆ ಬೇರೆ ಸರ್ಕಾರಿ ಕಚೇರಿಯಲ್ಲಿದ್ದರೆ, ಅರ್ಜಿ ಪಡೆದವರು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಿ ನಿಮಗೆ ತಿಳಿಸತಕ್ಕದ್ದು.

ಮುದ್ದಾಂ ಸಲ್ಲಿಸಿದಾಗ ದಿನಾಂಕವಿರುವ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. ಅಂಚೆಯಲ್ಲಿ ಕಳುಹಿಸಿದರೆ ರಸೀತಿಯನ್ನು ಕಾಪಾಡಿಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಈ ದಿನಾಂಕವನ್ನೇ ಆಧರಿಸುತ್ತದೆ.

ಕಚೇರಿಗೆ ಇರುವ ಅವಧಿ

ಅರ್ಜಿ ತಲುಪಿದ 30 ದಿನಗಳೊಳಗೆ ಸಾರ್ವಜನಿಕ ಮಾಹಿತಿ ಅಧಿಕಾರಿಯು ಮಾಹಿತಿ ಕೊಡಬೇಕು, ಇಲ್ಲವೆ ಕಾರಣ ತಿಳಿಸಿ ನಿರಾಕರಿಸಬೇಕು. ಸಹಾಯಕ ಸಾರ್ವಜನಿಕ ಮಾಹಿತಿ ಅಧಿಕಾರಿಯ ಕೈಗೆ ಕೊಟ್ಟಿದ್ದರೆ 5 ದಿನ ಕೂಡಿಸಿಕೊಳ್ಳಬೇಕು. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆ ಮಾತ್ರ. ಪ್ರತಿಗಳಿಗೆ ಹಣ ಕಟ್ಟಲು ಪತ್ರ ಬಂದರೆ, ಆ ಪತ್ರ ಕಳುಹಿಸಿದ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದ ಹಣ ಕಟ್ಟಲು ತಡಮಾಡಬಾರದು. ಅವಧಿ ಮೀರಿದ ಮೇಲೆ ಕೊಡುವ ಮಾಹಿತಿಗೆ ಕಚೇರಿಯು ಶುಲ್ಕ ಕೇಳುವಂತಿಲ್ಲ.

ಉತ್ತರ ಬಾರದಿದ್ದರೆ

ಕಚೇರಿಯ ಮೌನವನ್ನು ಕಾನೂನು ನಿರಾಕರಣೆಯೆಂದೇ ಪರಿಗಣಿಸುತ್ತದೆ. ಇಲ್ಲಿಂದ ರೈತನ ಗಡುವು ಆರಂಭ. ಉದಾಹರಣೆಗೆ, ಜುಲೈ 1ರಂದು ಅರ್ಜಿ ತಲುಪಿದ್ದರೆ ಕಚೇರಿಯ ಅವಧಿ ಜುಲೈ 31ಕ್ಕೆ ಮುಗಿಯುತ್ತದೆ. ಅಲ್ಲಿಂದ 30 ದಿನಗಳೊಳಗೆ, ಎಂದರೆ ಆಗಸ್ಟ್ 30ರೊಳಗೆ, ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಅವರು 30 ದಿನಗಳಲ್ಲಿ, ಕಾರಣ ಬರೆದಿಟ್ಟು ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕು. ಅದೂ ಆಗದಿದ್ದರೆ ಅಥವಾ ತೀರ್ಮಾನ ಒಪ್ಪಿಗೆಯಾಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿ ಮೀರದಂತೆ ದಂಡ ವಿಧಿಸಬಹುದು. ಈ ದಂಡದ ಹಣ ಅರ್ಜಿದಾರನಿಗೆ ಸೇರುವುದಿಲ್ಲ.

ದಾಖಲೆ ಕೈಗೆ ಬಂದ ಮಾತ್ರಕ್ಕೆ ಪರಿಹಾರ ಬಂದಂತಾಗುವುದಿಲ್ಲ. ಆದರೆ ಅಂಕಿಯಲ್ಲಿ ತಪ್ಪಿದ್ದರೆ ಎಲ್ಲಿ ತಪ್ಪಿದೆಯೆಂದು ಬೆರಳಿಟ್ಟು ತೋರಿಸಲು ಸಾಧ್ಯವಾಗುತ್ತದೆ. ಬಿತ್ತನೆ, ಗೊಬ್ಬರಗಳ ತಾರೀಖು ಬರೆದಿಡುವ ಪುಸ್ತಕದಲ್ಲಿಯೇ ಅರ್ಜಿಯ ತಾರೀಖನ್ನೂ ಬರೆದು, ಮೂವತ್ತನೆಯ ದಿನಕ್ಕೆ ಗುರುತು ಹಾಕಿಡಿ. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ರೈತರಿಗೆ ಇಷ್ಟನ್ನು ನೆನಪಿಸಿದರೂ ದೊಡ್ಡ ಉಪಕಾರವಾದೀತು.