ರಾಗಕ್ಕೆ ರೂಪ ಬಂದ ಬಗೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದಿಂದ ಈ ಕಾಲೇಜಿಗೆ ಬಂದಿರುವ ನಾವು ರಾಗವೆಂದರೆ ಕಿವಿಯಿಂದ ಸವಿಯತಕ್ಕ ವಸ್ತುವೆಂದೇ ತಿಳಿದಿದ್ದೇವೆ. ಗಂಗೂಬಾಯಿಯವರ ಹೆಸರಿನೊಡನೆ ಹಾನಗಲ್ಲವೆಂಬ ಊರು ಸಂಗೀತಸಭೆಗಳಲ್ಲೆಲ್ಲ ಕೇಳಿಬಂದಿತಷ್ಟೆ. ಆದರೆ ಒಂದು ಕಾಲಕ್ಕೆ ರಾಗವನ್ನು ಕಣ್ಣಿನಿಂದಲೂ ನೋಡುತ್ತಿದ್ದರು. ಅಂಥ ಚಿತ್ರಗಳಿಗೆ ರಾಗಮಾಲೆಯೆಂದು ಹೆಸರು.

ಆರು ರಾಗಗಳು ಗಂಡಸರು. ಒಬ್ಬೊಬ್ಬನಿಗೆ ಐವರು ರಾಗಿಣಿಯರು. ಹೀಗೆ 36 ಚಿತ್ರಗಳು. ಇದು ಬಹು ಪ್ರಚಲಿತವಾದ ಲೆಕ್ಕ. ಹಿಂದೋಲನು ಉಯ್ಯಾಲೆಯಲ್ಲಿ ಕುಳಿತಿರುತ್ತಾನೆ. ಅಸಾವರಿಯು ಹಾವುಗಳ ನಡುವೆ ಗುಡ್ಡದ ಮೇಲಿರುತ್ತಾಳೆ. ತೋಡಿಯು ಕಾಡಿನಲ್ಲಿ ವೀಣೆ ಹಿಡಿದು ನಿಂತಿದ್ದರೆ ಜಿಂಕೆಗಳು ಮೇವು ಮರೆತು ಬಳಿಗೆ ಬರುತ್ತವೆ.

ಚಿತ್ರಕಾರನು ಗಾಯನ ಕೇಳುತ್ತ ಕೇಳುತ್ತ ಇವನ್ನು ಬರೆದನೆಂದು ನಾನೂ ನಂಬಿದ್ದೆ. ಅದು ಸರಿಯಲ್ಲ. ನಡುವೆ ಕವಿಯೊಬ್ಬನಿದ್ದಾನೆ. ರಾಗದ ಸ್ವರೂಪವನ್ನು ವರ್ಣಿಸುವ ಧ್ಯಾನಶ್ಲೋಕ ಮೊದಲು, ಚಿತ್ರ ಆಮೇಲೆ. 16ನೆಯ ಶತಮಾನದ ಕೊನೆಗೆ ದಖ್ಖನಿನಲ್ಲಿ ಬರೆದ ಕೆಲವು ಚಿತ್ರಗಳ ನೆತ್ತಿಯ ಮೇಲೆ ಸಂಸ್ಕೃತದ ಸಾಲುಗಳೇ ಇವೆ. ಗಾಯಕನಿಗೂ ಆ ಶ್ಲೋಕ ಬೇಕಾಗಿತ್ತು, ಚಿತ್ರಕಾರನಿಗೂ ಬೇಕಾಗಿತ್ತು. ಕೊಡಕೊಳ್ಳುವ ವ್ಯವಹಾರವೆಲ್ಲ ಅದರ ಮುಖಾಂತರ ನಡೆಯಿತು.

ಈ ಮೂರನ್ನೂ ಒಬ್ಬನೇ ಕೈಯಲ್ಲಿ ಹಿಡಿದ ದೊರೆ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹ (1580–1627). ನಮ್ಮ ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆ ಆಗ ಅವನ ರಾಜ್ಯಕ್ಕೇ ಸೇರಿತ್ತು. ಅವನು ದಖ್ಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಗ್ರಂಥ ಬರೆದು, ಹಾಡುಗಳನ್ನು ರಾಗದ ಹೆಸರಿನ ಕೆಳಗೆ ಜೋಡಿಸಿದನು. ಮುಸಲ್ಮಾನ ದೊರೆಯಾಗಿಯೂ ಸರಸ್ವತಿ ಗಣಪತಿಯರನ್ನು ಅದರಲ್ಲಿ ಸ್ತುತಿಸಿದ್ದಾನೆ. ಭೈರವ ರಾಗವನ್ನಂತೂ ಜಟೆ, ಗಂಗೆ, ತ್ರಿಶೂಲಗಳುಳ್ಳ ಶಿವನನ್ನಾಗಿ ಶಬ್ದಗಳಲ್ಲೇ ಬರೆದಿಟ್ಟಿದ್ದಾನೆ; ಚಿತ್ರಕಾರನಿಗೆ ಕುಂಚ ಅದ್ದುವದೊಂದೇ ಉಳಿದ ಕೆಲಸ. ಅವನ ತಂಬೂರಿಗೂ ಒಂದು ಹೆಸರಿತ್ತು: ಮೋತಿಖಾನ್. ಆಸ್ಥಾನದ ಫರ್ರುಖ್ ಹುಸೇನನು ತಂಬೂರಿ ನುಡಿಸುತ್ತಿರುವ ದೊರೆಯ ಚಿತ್ರ ಬರೆದಿದ್ದಾನೆ. ಹಾಡಿದವನೇ ಚಿತ್ರವಾದನು!

ಇಲ್ಲಿ ಒಂದು ತೊಡಕುಂಟು. ಚಿತ್ರ ಕಾಗದದ ಮೇಲೆ ನಿಂತಿತು, ರಾಗ ನಿಲ್ಲಲಿಲ್ಲ. ಇಂದು ಹಿಂದುಸ್ತಾನಿ ತೋಡಿಗೆ ತೀವ್ರ ಮಧ್ಯಮ. ಕರ್ನಾಟಕ ಪದ್ಧತಿಯ ತೋಡಿಗೆ ಶುದ್ಧ ಮಧ್ಯಮ, ಅದರ ಸ್ವರಗಳು ಹಿಂದುಸ್ತಾನಿ ಭೈರವಿಗೆ ಹೊಂದುತ್ತವೆ. ಹಾಗಾದರೆ ಜಿಂಕೆಗಳು ಕೇಳಿದ್ದು ಯಾವ ತೋಡಿ? ಚಿತ್ರ ಬಾಯಿ ಬಿಡುವದಿಲ್ಲ. ಭಾತಖಂಡೆಯವರು (1860–1936) ರಾಗಗಳನ್ನು ಸ್ವರಗಳ ಮೇಲಿಂದ ಹತ್ತು ಥಾಟುಗಳಲ್ಲಿ ವಿಂಗಡಿಸಿದ ಮೇಲೆ ಗಂಡಹೆಂಡಿರ ಸಂಸಾರ ಪಾಠದಿಂದಲೇ ಮರೆಯಾಯಿತು. ಶಾಸ್ತ್ರಕ್ಕೆ ಇದರಿಂದ ಲಾಭವೇ ಆಯಿತೆನ್ನಬೇಕು. ಆದರೆ ಸ್ವರಜ್ಞಾನವಿಲ್ಲದ ನನ್ನಂಥವನಿಗೆ ರಾಗದ ಮನೆಗೆ ಹೋಗಲು ಇದ್ದ ಒಂದು ಬಾಗಿಲು ಮುಚ್ಚಿತು.

ಆ ಬಾಗಿಲನ್ನು ತಟ್ಟಿ ನೋಡೋಣವೆಂದು, ಚಿತ್ರ ಬರೆಯುವ ಗೆಳೆಯನೊಬ್ಬನಿಗೆ ಹೆಸರು ಹೇಳದೆ ಹಿಂದುಸ್ತಾನಿ ತೋಡಿಯ ಧ್ವನಿಮುದ್ರಣ ಕೇಳಿಸಿದೆ. ಶ್ಲೋಕವನ್ನಾಗಲಿ ಹಳೆಯ ಚಿತ್ರವನ್ನಾಗಲಿ ಅವನು ಕಂಡವನಲ್ಲ. ಅವನು ಬರೆದದ್ದು ಬೆಳಗಿನಲ್ಲಿ ಕೂಲಿಗೆ ಹೊರಟು ದಾರಿಯ ಬದಿಗೆ ಟ್ರ್ಯಾಕ್ಟರ್ ಕಾಯುತ್ತಿರುವ ಹೆಂಗಸರನ್ನು; ಒಬ್ಬಾಕೆಯ ಬಗಲಲ್ಲಿ ಕೂಸು, ಇನ್ನೊಬ್ಬಾಕೆಯ ಕೈಯಲ್ಲಿ ಬುತ್ತಿಯ ಗಂಟು. ಜಿಂಕೆ ಇಲ್ಲ, ವೀಣೆ ಇಲ್ಲ. ನಮ್ಮವ್ವನೂ ಹಾಗೆ ನಿಂತದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಹಾಳೆಯನ್ನು ಸಂಗೀತ ಕಲಿಯುತ್ತಿರುವ ಸಹಪಾಠಿನಿಗೆ ತೋರಿಸಿ, ಇದಕ್ಕೆ ಒಪ್ಪುವದನ್ನು ಹಾಡಿರೆಂದು ಕೇಳಿಕೊಂಡೆ. ಆಕೆ ಬಹಳ ಹೊತ್ತು ನೋಡಿ ಜೋಗಿಯಾ ಹಾಡಿದಳು. ಮೂಲದಲ್ಲಿ ಅದು ತೋಡಿಯೆಂದು ತಿಳಿಸಿದಾಗ ನಕ್ಕು, “ತೋಡಿಯ ಹೊತ್ತಿನವರೆಗೆ ಈ ಹೆಂಗಸರು ಮಲಗಿರುತ್ತಾರೇನು?” ಎಂದು ಕೇಳಿದಳು. ಜೋಗಿಯಾ ನಸುಕಿನ ರಾಗ.

ಗೆಳೆಯನು ಈಗ ಆಕೆಯ ಜೋಗಿಯಾ ಕೇಳಿ ಇನ್ನೊಂದು ಚಿತ್ರಕ್ಕೆ ಕೈಹಾಕಿದ್ದಾನೆ.