ನಾನು ನಾನೇ ಎಂಬುದಕ್ಕೆ ಸಾಕ್ಷಿ

ಕವಿ ರನ್ನನು ‘ಅಜಿತಪುರಾಣ’ದಲ್ಲಿ ತನ್ನ ಪರಿಚಯವನ್ನು ಹೇಳಿಕೊಂಡಿರುವ ರೀತಿ ಯಾವ ನೋಂದಣಿ ಕಚೇರಿಯೂ ಮೆಚ್ಚತಕ್ಕದ್ದು. ಬೆಳುಗಲಿ ನಾಡು, ಅದರೊಳಗೆ ಜಂಬುಖಂಡಿ ಎಪ್ಪತ್ತು, ಅದರೊಳಗೆ ಮುದುವೊಳಲು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಕುಲ ಬಳೆಗಾರರದು. ಆ ಕಾವ್ಯ 993ರದು. ಆ ಊರುಗಳು ನಮ್ಮ ಜಮಖಂಡಿ, ಮುಧೋಳಗಳು. ಮುಧೋಳದ ಬೀದಿಯಲ್ಲಿ ರನ್ನನಿಗೆ ಇಷ್ಟೆಲ್ಲ ಹೇಳುವ ಅಗತ್ಯ ಬಿದ್ದಿರಲಾರದು. ತನ್ನನ್ನು ಕಂಡರಿಯದ ಓದುಗನಿಗಾಗಿ ಅವನು ಹೇಳಿದ.

ಬನಹಟ್ಟಿಯಲ್ಲಿರುವ ನನ್ನ ತಾಯಿಗೆ ಆ ಅಗತ್ಯ ಎಪ್ಪತ್ತೈದನೆಯ ವಯಸ್ಸಿನಲ್ಲಿ ಬಂದಿತು. ಮನೆ ಆಕೆಯ ಹೆಸರಿನಲ್ಲಿದೆ. ಅದರ ಮೇಲಿದ್ದ ಹಳೆಯ ಸಾಲವನ್ನು ಬಡ್ಡಿ ಕಡಿಮೆಯಿರುವ ಬೇರೊಂದು ಬ್ಯಾಂಕಿಗೆ ವರ್ಗಾಯಿಸಿ, ತಮ್ಮನ ಮಗ್ಗಗಳಿಗೆಂದು ಇನ್ನಷ್ಟು ಹಣ ಪಡೆಯುವ ಏರ್ಪಾಡು. ಮಗ್ಗಗಳಿಗೆ ಮುಂಗಡ ಕೊಟ್ಟಾಗಿತ್ತು. ತಿಂಗಳೊಳಗೆ ಉಳಿದದ್ದನ್ನು ಕೊಡದಿದ್ದರೆ ಮುಂಗಡವೂ ಹೋಗುವುದಿತ್ತು. ಹೊಸ ಬ್ಯಾಂಕಿನ ವಕೀಲರು ಕಾಗದಗಳನ್ನು ಸಾಲಾಗಿ ಹರಡಿ ಕೇಳಿದರು: 1984ರ ಖರೀದಿಪತ್ರದಲ್ಲಿ ‘ಗಂಗವ್ವ ಕೋಂ ಈರಪ್ಪ’, ಆಧಾರ್ ಚೀಟಿಯಲ್ಲಿ ‘ಗಂಗಾಬಾಯಿ’, ಪಡಿತರ ಚೀಟಿಯಲ್ಲಿ ‘ಗಂಗಮ್ಮ’. ಈ ಮೂವರಲ್ಲಿ ಮನೆ ಯಾರದು?

ಅವ್ವನಿಗೆ ಸಿಟ್ಟು ಬಂದಿತು. “ನಾ ಗಂಗವ್ವ ಅಲ್ಲಂದ್ರ, ಆ ಮನ್ಯಾಗ ನಲವತ್ತು ವರ್ಷ ಕಂಡಿಕಿ ಸುತ್ತಿದಾಕಿ ಯಾರರೀ?” ಎಂದಳು.

ವಕೀಲರ ಸಂಶಯವನ್ನು ಅನ್ಯಾಯವೆಂದು ನಾನು ಹೇಳಲಾರೆ. ಇನ್ನೊಬ್ಬರ ವೇಷದಲ್ಲಿ ಬಂದು ಪರರ ಮನೆಯನ್ನು ಗಹಾಣ ಇಡುವವರು ಇಲ್ಲದಿದ್ದರೆ, 1908ರ ನೋಂದಣಿ ಕಾಯಿದೆಯು ಅಂಥವರಿಗಾಗಿ 82ನೆಯ ಕಲಮಿನಲ್ಲಿ ಏಳು ವರ್ಷಗಳವರೆಗಿನ ಸೆರೆಮನೆಯನ್ನು ಕಾದಿರಿಸುತ್ತಿರಲಿಲ್ಲ. ಅದೇ ಕಾಯಿದೆಯ 34ನೆಯ ಕಲಮು ಎದುರಿಗೆ ನಿಂತವರ ಗುರುತಿನ ಬಗೆಗೆ ಅಧಿಕಾರಿಯು ಮನಗಾಣಬೇಕೆನ್ನುತ್ತದೆ. ಭಾವಚಿತ್ರ, ಬೆರಳೊತ್ತುಗಳು ಕಡ್ಡಾಯವಾದದ್ದು 2001ರ ತಿದ್ದುಪಡಿಯಿಂದ. ಅದಕ್ಕೆ ಮೊದಲು ಗುರುತಿನ ಭಾರವೆಲ್ಲ ಬಲ್ಲವರ ಬಾಯಿಯ ಮೇಲಿತ್ತು.

ನಮ್ಮ ಕಡೆಯ ಹೆಸರುಗಳ ಈ ಗೊಂದಲಕ್ಕೆ ಚರಿತ್ರೆಯೂ ಕಾರಣ. 1948ರವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿಗೆ ಸೇರಿದ್ದು. ದಫ್ತರದ ಭಾಷೆ ಮರಾಠಿ, ಬಹಳಷ್ಟು ಕಡೆ ಮೋಡಿ ಲಿಪಿ. ಆ ದಫ್ತರ ಹೋದರೂ ಅದರ ‘ಬಿನ್’, ‘ಕೋಂ’ಗಳು ಹೋಗಲಿಲ್ಲ, ಅವ್ವ ಬಾಯಿಯಾಗುವುದು, ಅಪ್ಪ ರಾವ್ ಆಗುವುದು ಬರೆಯುವವರ ಇಚ್ಛೆಗೆ ಬಿಟ್ಟಿತ್ತು. ಮರಾಠಿ ಹಳೆಯ ಪತ್ರಗಳಲ್ಲಿ ಅಕ್ಷರವರಿಯದ ರೈತ ನೇಗಿಲಿನ ನಿಶಾನಿ ಹಾಕುತ್ತಿದ್ದ, ಹೆಣ್ಣುಮಗಳು ಬಳೆಯದು. ಬಳೆಯ ಗುರುತು ಯಾವ ಹೆಣ್ಣಿನದೂ ಆಗಬಹುದಷ್ಟೆ! ಇಂಥವಳದೇ ಎಂದು ಹೇಳಲು ಪಕ್ಕದಲ್ಲಿ ನೆರೆಯವರು ಇರಬೇಕಾಗಿತ್ತು.

ನೆರೆಯೇ ಚೆದುರಿದರೆ ಏನು ಮಾಡುವುದು? ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರು ಹಳ್ಳಿಗಳನ್ನು ನುಂಗಿದಾಗ ಜನರು ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದರು. ಅಲ್ಲಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬನು, ತನ್ನ ಅಜ್ಜಿಯ ಹೆಸರನ್ನು ರುಜುಪಡಿಸಲು ಹಳೆಯ ಓಣಿಯವರನ್ನು ಮೂರು ಊರುಗಳಲ್ಲಿ ಹುಡುಕಿದ ಕಥೆ ಹೇಳಿದ್ದುಂಟು.

ನಮ್ಮ ಓಣಿ ಇನ್ನೂ ಇದ್ದಲ್ಲಿಯೇ ಇದೆ. ನೋಟರಿಯ ಮುಂದೆ, ಮೂರು ಹೆಸರಿನವಳೂ ಒಬ್ಬಳೇ ಎಂಬ ಪ್ರಮಾಣಪತ್ರವಾಯಿತು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಯಂತ್ರವು ಅವ್ವನ ಹೆಬ್ಬೆರಳನ್ನು ಒಪ್ಪಲಿಲ್ಲ. ನೂಲೆಳೆದೆಳೆದು ಗೆರೆಗಳು ಸವೆದಿದ್ದವು. ನಾಲ್ಕನೆಯ ಬೆರಳಿಗೆ ಒಪ್ಪಿತು. ಗುರುತಿಸಲು ಬಂದಿದ್ದವರು ಎದುರುಮನೆಯ ಅಣ್ಣತಮ್ಮಂದಿರು. ಅವ್ವನನ್ನು ಬಲ್ಲೆವೆಂದು ಹೇಳುವ ಮೊದಲು ಅವರೂ ತಮ್ಮ ಚೀಟಿಗಳನ್ನು ತೆಗೆದು ತೋರಿಸಬೇಕಾಯಿತು. ಹಿರಿಯವನ ಚೀಟಿಯಲ್ಲಿಯೂ ಹೆಸರಿನ ಒಂದಕ್ಷರ ತಪ್ಪಿತ್ತು. ಪುಣ್ಯಕ್ಕೆ ಅದನ್ನು ಯಾರೂ ಕೇಳಲಿಲ್ಲ.

ಪತ್ರದಲ್ಲಿ ‘ಗಂಗವ್ವ ಉರ್ಫ್ ಗಂಗಾಬಾಯಿ ಉರ್ಫ್ ಗಂಗಮ್ಮ’ ಎಂದು ಬರೆಯಲಾಯಿತು. ತಿಂಗಳು ಮುಗಿಯಲು ಆರು ದಿನಗಳಿರುವಾಗ ಹಣ ಬಂದಿತು. 1984ರ ಮೂಲಪತ್ರ ಒಂದು ಬ್ಯಾಂಕಿನ ಕಪಾಟಿನಿಂದ ಇನ್ನೊಂದರ ಕಪಾಟಿಗೆ ಹೋಗುವ ಮುನ್ನ ಅವ್ವ ಅದರ ಝೆರಾಕ್ಸ್ ಮಾಡಿಸಿ ಕೊಡೆಂದು ಕೇಳಿದಳು. ಸಾಕ್ಷಿಗಳ ಸಾಲಿನಲ್ಲಿ ನನ್ನ ತಂದೆಯ ರುಜು ಇದೆ.