ಬೇಲಿಯಿಲ್ಲದ ಮದ್ದಿನ ತೋಟ

ಹೊಸಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಸೊಗದೆ ಬೇರು ಕೇಳಿದರೆ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಯಾವ ರೈತ ಬೆಳೆದದ್ದು ಎಂದು ಕೇಳಿದರೆ ಅಂಗಡಿಯವರು ನಕ್ಕಾರು. ಇಂಥ ಬೇರು, ನಾರು, ತೊಗಟೆಗಳಲ್ಲಿ ಬಹುಪಾಲು ಹೊಲದ ಬೆಳೆಯಲ್ಲ. ದೇಶದ ಗಿಡಮೂಲಿಕೆ ವ್ಯಾಪಾರದ ಬಗ್ಗೆ 2008ರಲ್ಲಿ ಹೊರಬಂದ ಸಮೀಕ್ಷೆಯೊಂದು 960 ಜಾತಿಯ ಸಸ್ಯಗಳನ್ನು ಪಟ್ಟಿ ಮಾಡಿತು. ವರ್ಷಕ್ಕೆ ನೂರು ಟನ್‌ಗೂ ಮಿಕ್ಕಿ ಬಿಕರಿಯಾಗುವವು ಅವುಗಳಲ್ಲಿ 178. ಆ ಪೈಕಿ ಮುಖ್ಯವಾಗಿ ಬೇಸಾಯದಿಂದ ಬರುವವು 36 ಮಾತ್ರ. ಮಿಕ್ಕವುಗಳಲ್ಲಿ ಹೆಚ್ಚಿನವು ಕಾಡಿನವು, ಬೀಳು ನೆಲದವು, ರಸ್ತೆಬದಿಯವು.

ಹಂಪಿ ಪಕ್ಕದ ಕಮಲಾಪುರದವರಿಗೆ ಅಂಥ ಕಾಡು ದೂರದ್ದಲ್ಲ. ಹೊಸಪೇಟೆ ದಾಟಿ ದಕ್ಷಿಣಕ್ಕೆ ಹೊರಟರೆ ಸಂಡೂರು ಬೆಟ್ಟಸಾಲು. ಅದಿರಿಗೆ ಹೆಸರಾದ ಈ ಬೆಟ್ಟಗಳಲ್ಲಿ ಒಂದು ‘ಔಷಧಿ ಸಸ್ಯ ಸಂರಕ್ಷಣಾ ಪ್ರದೇಶ’ವೂ ಇದೆ ಎಂಬುದು ಹಂಪಿಗೆ ಬಂದುಹೋಗುವವರಿಗಿರಲಿ, ಸುತ್ತಲ ಊರಿನ ಅನೇಕರಿಗೂ ಗೊತ್ತಿಲ್ಲ. 1993ರಲ್ಲಿ, ಸ್ಥಳೀಯ ವೈದ್ಯ ಪರಂಪರೆಗಳಿಗಾಗಿ ದುಡಿಯುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಡೆನ್ಮಾರ್ಕ್ ಸರ್ಕಾರದ ನೆರವು ಪಡೆದು, ಅರಣ್ಯ ಇಲಾಖೆಯ ಜೊತೆಗೂಡಿ ದಕ್ಷಿಣದ ರಾಜ್ಯಗಳಲ್ಲಿ ಇಂಥ ತಾಣಗಳನ್ನು ಗುರುತಿಸತೊಡಗಿತು. ಕರ್ನಾಟಕದ ಪಾಲಿಗೆ ಬಂದದ್ದು 13. ಆಗುಂಬೆ, ತಲಕಾವೇರಿ, ಸುಬ್ರಹ್ಮಣ್ಯದಂಥ ಮಳೆಕಾಡುಗಳ ಸಾಲಿನಲ್ಲಿ ಸಂಡೂರಿನ ಒಣಕಾಡಿಗೂ ಜಾಗ ಸಿಕ್ಕಿತು.

ಕುಂಡದಲ್ಲಿ ನೆಟ್ಟು ಫಲಕ ತೂಗುಹಾಕಿದರೆ ಸಾಲದೇ, ಕಾಡನ್ನೇ ಯಾಕೆ ಕಾಯಬೇಕು? ಒಂದೇ ತಾಯಿಬಳ್ಳಿಯ ಕಡ್ಡಿಗಳಿಂದ ನೂರು ಗಿಡ ಮಾಡಿದರೂ ಅವೆಲ್ಲ ಒಂದೇ ಗುಣದವು; ಒಂದಕ್ಕೆ ತಗಲಿದ ರೋಗ ನೂರಕ್ಕೂ ತಗಲುತ್ತದೆ. ಬೆಟ್ಟದಲ್ಲಿ ಹಾಗಲ್ಲ. ಬಂಡೆಸಂದಿಯ ಬಳ್ಳಿ ಬೇರೆ, ಹಳ್ಳದ ದಂಡೆಯ ಬಳ್ಳಿ ಬೇರೆ. ನಾಳೆ ಯಾರಾದರೂ ಹೊಲದಲ್ಲಿ ಬೆಳೆಯಲು ಹೊರಟರೆ ಒಳ್ಳೆಯ ಬೀಜಕ್ಕೆ ಇಲ್ಲಿಗೇ ಬರಬೇಕು.

ಒಣಕಾಡಿನ ಗಿಡಗಳನ್ನು ಹಗುರವಾಗಿ ಕಾಣುವಂತಿಲ್ಲ. ಮಧುನಾಶಿನಿಯ ಒಂದೆರಡು ಎಲೆ ಚೆನ್ನಾಗಿ ಅಗಿದು, ಆಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಅಗಿದಂತಾಗುತ್ತದೆ. ಸಿಹಿ ತಿಳಿಯುವುದೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾಲಿಗೆ ತಾನಾಗಿ ಸರಿಹೋಗುತ್ತದೆ. ಚಿತ್ರಮೂಲದ ಹಸಿಬೇರು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಸೊಗದೆ ಬಳ್ಳಿ ನೋಡಲು ಬಡಕಲು: ದಾರದಂಥ ಕಾಂಡ, ಎಲೆಯ ನಡುವೆ ಬಿಳಿ ಗೆರೆ, ಚಿವುಟಿದರೆ ಹಾಲು. ಘಮವೆಲ್ಲ ಮಣ್ಣೊಳಗೆ. ಅಗೆಯುವವರು ಬೇರಿನ ತುಂಡೊಂದನ್ನು ಅಲ್ಲೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆಸೆಬಿದ್ದು ಪೂರಾ ಕಿತ್ತರೆ ಆ ಜಾಗದಲ್ಲಿ ಅದರ ಕಥೆ ಮುಗಿಯಿತು. ಬಿಡಬೇಕೋ ಕೀಳಬೇಕೋ ಎಂಬುದು ಗುದ್ದಲಿ ಹಿಡಿದವರ ಕೈಯಲ್ಲಿದೆ; ಅರಣ್ಯ ಇಲಾಖೆಯ ಗಾರ್ಡ್ ಎಷ್ಟು ಬುಡ ಕಾದಾನು?

ಜನರ ಕೈ ಸೇರಿದರೇ ಇಂಥ ಕೆಲಸ ನಿಲ್ಲುವುದು. ಅಮೆರಿಕದ ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದೊಳಗೆ 1980ರಲ್ಲಿ ತೆರೆದ ಗಿಡಮೂಲಿಕೆ ತೋಟಕ್ಕೆ ಅಲ್ಲಿನ ಹರ್ಬ್ ಸೊಸೈಟಿಯ ಸದಸ್ಯರೇ ಬೆನ್ನೆಲುಬು. ಕಳೆ ಕೀಳುವುದಕ್ಕೂ ಸ್ವಯಂಸೇವಕರು ಬರುತ್ತಾರೆ. ಸಂಬಳವಿಲ್ಲದೆ ದುಡಿಯುವ ಕೈಗಳು ನಮ್ಮಲ್ಲೂ ಇವೆ, ಸಂಘದ ಹೆಸರಿಲ್ಲ ಅಷ್ಟೆ. ಬೇಸಿಗೆಯಲ್ಲಿ ಬಾದೆಹುಲ್ಲಿಗೆ ಬೆಂಕಿ ಬಿದ್ದರೆ ಹಸಿಸೊಪ್ಪು ಹಿಡಿದು ಬಡಿಯಲು ಓಡುವವರು ಬೆಟ್ಟದಂಚಿನ ಊರಿನವರು. ಯಾವ ಬಳ್ಳಿ ಎಲ್ಲಿದೆ ಎಂಬ ನಕ್ಷೆ ಇರುವುದು ಕುರಿ ಕಾಯುವವರ, ತಾಂಡಾದ ಹಿರಿಯರ, ನಾಟಿ ವೈದ್ಯರ ತಲೆಯಲ್ಲಿ. “ಔಷಧಕ್ಕ ರೊಕ್ಕ ತಗೊಂಡ್ರ ಗುಣ ಹತ್ತಂಗಿಲ್ಲ” ಎಂದು ಕಾಮಾಲೆಗೆ ಮದ್ದು ಕೊಟ್ಟು, ಎಲೆ ಅಡಿಕೆಯಷ್ಟೇ ಮುಟ್ಟುವವರು ಈ ಸೀಮೆಯಲ್ಲಿ ಇನ್ನೂ ಉಳಿದಿದ್ದಾರೆ. ಕಾಮಾಲೆಗೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದೂ ಜಾಣತನ, ಆ ಮಾತು ಬೇರೆ.

ಮದ್ದಿನ ಈ ತಿಳಿವಳಿಕೆಗೆ ಬರಹದ ಪರಂಪರೆಯೂ ಉಂಟು. ವಿಜಯನಗರ ಕಣ್ಣುಬಿಡುತ್ತಿದ್ದ 14ನೇ ಶತಮಾನದಲ್ಲೇ ಜೈನಕವಿ ಒಂದನೆಯ ಮಂಗರಾಜ ವಿಷ ಮತ್ತು ಅದರ ಮದ್ದುಗಳ ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲೇ ಬರೆದ.

ಕಾಡಿನ ಮೇಲಿನ ಭಾರ ಇಳಿಸಲು ಎಫ್‌ಆರ್‌ಎಲ್‌ಎಚ್‌ಟಿ ಹಿಡಿದ ಇನ್ನೊಂದು ದಾರಿ ಹಿತ್ತಲಿನ ಮದ್ದಿನ ತೋಟ. ಹಳ್ಳಿಯ ಮಹಿಳಾ ಸಂಘಗಳ ಮೂಲಕ ಹತ್ತಿಪ್ಪತ್ತು ಬಗೆಯ ಸಸಿಗಳನ್ನು ಮನೆಗೆ ಮುಟ್ಟಿಸುವ ಕೆಲಸ. ನನಗೆ ಈ ಯೋಜನೆ ದೊಡ್ಡ ಉದ್ಯಾನಗಳಿಗಿಂತ ಹೆಚ್ಚು ಹಿಡಿಸುತ್ತದೆ. ಪಾತ್ರೆ ತೊಳೆದ ನೀರಿಗೇ ದೊಡ್ಡಪತ್ರೆ, ಲೋಳೆಸರ, ತುಳಸಿ ಬದುಕುತ್ತವೆ. ಅಮೃತಬಳ್ಳಿಯ ತುಂಡನ್ನು ಬೇಲಿಗೆ ಸಿಕ್ಕಿಸಿದರೂ ಬೇರು ಬಿಡುತ್ತದೆ.

ಬೆಟ್ಟದ ಗತಿ ಮಾತ್ರ ಅಷ್ಟು ಸಲೀಸಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತ್ತು. ಮುಂದೆ ಷರತ್ತುಗಳೊಂದಿಗೆ ಗಣಿಗಳು ತೆರೆದವು. ಇದೇ ಸಾಲಿನ ದೇವದಾರಿ ಗಣಿ ಯೋಜನೆಗೆ 99,330 ಮರ ಹೋಗುತ್ತವೆ ಎಂಬ ಲೆಕ್ಕ ಸಂಡೂರಿನ ಜನರನ್ನು ಬೀದಿಗಿಳಿಸಿತು. ಆ ಲೆಕ್ಕ ಮರಗಳದ್ದು. ಮರದ ಬುಡದ ಸೊಗದೆ, ಚಿತ್ರಮೂಲ, ಶತಾವರಿಗಳನ್ನು ಎಣಿಸಿದವರಿಲ್ಲ.

ಸಂಡೂರಿನ ಈ ಸಂರಕ್ಷಣಾ ಪ್ರದೇಶವನ್ನು ನೋಡಬೇಕೆನ್ನುವವರು ಮಳೆಗಾಲದ ಕೊನೆಯಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಬೇಕು. ಬೇಸಿಗೆಯಲ್ಲಿ ಬಳ್ಳಿಗಳೆಲ್ಲ ಒಣಗಿ, ತಿಳಿದವರಿಗೂ ಗುರುತು ಸಿಗುವುದು ಕಷ್ಟ. ಊರಿನ ನಾಟಿ ವೈದ್ಯರೊಬ್ಬರು ಜೊತೆಗೆ ಬರಲು ಒಪ್ಪಿದರೆ ಪುಸ್ತಕ ಬೇಕಾಗುವುದಿಲ್ಲ.